ಸಾಹೇಬರ ಗಾಲ್ಫಿಗೆ ಎಷ್ಟು ತೇವ

ಮೊನ್ನೆ ಭಾನುವಾರ ನಮ್ಮ ಜಾವಳಿಯ ಗದ್ದೆಯಲ್ಲಿ ಕೊಯ್ಲು ನಡೆಯುತ್ತಿತ್ತು. ಆಗತಾನೆ ಕೊಯ್ದ ಹುಲ್ಲಿನ ವಾಸನೆ ಜಗಲಿಯವರೆಗೂ ಬರುತ್ತಿತ್ತು. ನಾನು ಕಾಫಿ ಲೋಟ ಹಿಡಿದು ಆ ವಾಸನೆಗೆ ಸರಿಯಾದ ಹೆಸರು ಹುಡುಕುತ್ತಾ ಕೂತಿದ್ದೆ. ಅಷ್ಟರಲ್ಲಿ ಕೊಯ್ಲಿಗೆ ಬಂದಿದ್ದ ಸುಶೀಲಕ್ಕ ಅಂಗಳಕ್ಕೆ ಬಂದು ಮುಚ್ಚಿದ ಮುಷ್ಟಿಯನ್ನು ನನ್ನ ಮುಂದೆ ಚಾಚಿದರು.

"ತಗೊಳ್ಳಿ. ಸಾಹೇಬ್ರ ಮೊಟ್ಟೆ."

ಮುಷ್ಟಿ ಬಿಚ್ಚಿದರೆ ಒಂದು ಗಾಲ್ಫ್ ಚೆಂಡು. ಒಂದು ಬದಿಗೆ ಕೆಸರು ಒಣಗಿ ಹಿಡಿದುಕೊಂಡಿತ್ತು. ಇನ್ನೊಂದು ಬದಿ ಹಳದಿಗೆ ತಿರುಗಿತ್ತು. ಎರಡು ಮಳೆಗಾಲ ಮಣ್ಣಿನೊಳಗೆ ಮಲಗಿದ್ದರೂ ಅದರ ಮೈಮೇಲಿನ ಗುಳಿಗಳೆಲ್ಲ ಹಾಗೆಯೇ ಇದ್ದವು.

"ಇದು ಮರಿಯಾಗೋದು ಯಾವಾಗ ಅಂತ ಕೇಳಿ ಸಾಹೇಬ್ರನ್ನ," ಎಂದು ನಕ್ಕು ಸುಶೀಲಕ್ಕ ಗದ್ದೆಗೆ ಇಳಿದರು. ಎರಡು ಹೆಜ್ಜೆ ಹೋದವರು ಹಿಂತಿರುಗಿ, "ಅಲ್ಲ, ಅವರು ಈಚೆಗೆ ಬರೋದೇ ಇಲ್ಲ ಅಲ್ವಾ?" ಎಂದರು. ಜಗಲಿಯ ಒಳತುದಿಯಲ್ಲಿ ಕುರ್ಚಿಯ ಮೇಲೆ ಕೂತಿದ್ದ ಅಜ್ಜ ಆ ಮಾತು ಕೇಳಿಸಿಯೂ ಕೇಳಿಸದವರಂತೆ ಶಾಲು ಸರಿಮಾಡಿಕೊಂಡರು.

ಆ ಚೆಂಡಿನ ಕಥೆ ಹೇಳುವ ಮೊದಲು ನನ್ನ ಒಂದು ಚಾಳಿಯನ್ನು ನಿಮಗೆ ಹೇಳಿಬಿಡುವುದು ಒಳ್ಳೆಯದು. ನನಗೆ ಎಲ್ಲವನ್ನೂ ಬರೆದಿಡುವ ಅಭ್ಯಾಸ. ನಮ್ಮ ಕಡೆ ಮಳೆ ಅಳೆಯುವುದು ದೊಡ್ಡ ವಿಚಾರ. ಅಂಗಳದ ಮಾಪಕದಲ್ಲಿ ಬಿದ್ದ ನೀರನ್ನು ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟಿನ ಲೆಕ್ಕದಲ್ಲಿ ಬರೆಯದ ಕಾಫಿ ಬೆಳೆಗಾರ ಸಿಗುವುದು ಕಷ್ಟ. ಬೇರೆ ಊರಿನವರು ಫೋನಿನಲ್ಲಿ 'ಹೇಗಿದ್ದೀರಿ' ಎಂದು ಕೇಳಿದರೆ ನಮ್ಮವರು 'ಎಷ್ಟು ಸೆಂಟು ಬಿತ್ತು' ಎಂದು ಕೇಳುತ್ತಾರೆ. ಆ ಕೆಲಸ ಚಿಕ್ಕಂದಿನಲ್ಲೇ ನನ್ನ ಪಾಲಿಗೆ ಬಂತು. ಮಳೆಯಿಂದ ಶುರುವಾದದ್ದು ಹಾಲಿಗೆ, ಬಸ್ಸಿನ ಸಮಯಕ್ಕೆ, ಕೊನೆಗೆ ಅಜ್ಜಿ ಯಾವ ದಿನ ಯಾವ ಸಾರು ಮಾಡಿದರು ಎಂಬಲ್ಲಿಗೆ ಬಂದು ಮುಟ್ಟಿತು. "ಇವನನ್ನ ಮದುವೆ ಆಗೋಳು ಮೊದಲ ದಿನಾನೇ ರಶೀದಿ ಕೇಳ್ಬೇಕು," ಎಂಬುದು ಅಜ್ಜಿಯ ಅಭಿಪ್ರಾಯ. ಈಗ ನಾನು ಚಿಕ್ಕಮಗಳೂರಿನಲ್ಲಿ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸಿನ ಸ್ಯಾಂಪಲ್ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಬಂದ ಕಾಫಿಯಲ್ಲಿ ಎಷ್ಟು ತೇವ ಉಳಿದಿದೆ ಎಂದು ಯಂತ್ರದಲ್ಲಿ ನೋಡಿ ಬರೆಯುವುದು ನನ್ನ ಕೆಲಸ. ಚಾಳಿಗೆ ಸಂಬಳ ಕೊಡುವವರೂ ಲೋಕದಲ್ಲಿ ಇದ್ದಾರೆ ಎಂದು ತಿಳಿದಾಗ ಅಜ್ಜಿಗೆ ಆದ ಆಶ್ಚರ್ಯ ಇನ್ನೂ ಇಳಿದಿಲ್ಲ.

ತೇವದ ಮಾತು ಬಂತಲ್ಲ, ಅಲ್ಲಿಂದಲೇ ಉಮರ್ ಸಾಹೇಬರ ಕಡೆಗೆ ದಾರಿ.

ಸಾಹೇಬರದು ಕೊಟ್ಟಿಗೆಹಾರ. ಕಾಫಿ ಮತ್ತು ಮೆಣಸಿನ ವ್ಯಾಪಾರ. ಅಜ್ಜ ಬೆಳೆದದ್ದನ್ನು ಅವರು ಮೂವತ್ತು ವರ್ಷಕ್ಕೂ ಮೇಲೆ ಕೊಂಡಿದ್ದಾರೆ. ಕಾಫಿ ಒಣಗುವ ಕಾಲಕ್ಕೆ ಅವರ ಜೀಪು ನಮ್ಮ ಅಂಗಳಕ್ಕೆ ಬರುತ್ತಿತ್ತು. ಇಳಿದವರೇ ಸೀದಾ ಕಣಕ್ಕೆ ಹೋಗಿ, ಹರವಿದ ಕಾಫಿಯಿಂದ ಒಂದು ಕಾಳು ಎತ್ತಿ ಹಲ್ಲಿನಲ್ಲಿ ಕಚ್ಚಿ, ಆಕಾಶ ನೋಡುತ್ತಾ ನಿಲ್ಲುತ್ತಿದ್ದರು. ಅಜ್ಜನೂ ಒಂದು ಕಾಳು ಕಚ್ಚುತ್ತಿದ್ದರು.

"ಹಸಿ ಉಂಟು ಭಟ್ರೇ. ತೇವಕ್ಕೆ ಸ್ವಲ್ಪ ಕಳೀಬೇಕಾಗ್ತದೆ."

"ಎಂತ ಹಸಿ? ಕಚ್ಚಿದ್ರೆ ಹಲ್ಲೇ ಮುರೀತದೆ. ನಿಮ್ಮ ಹಲ್ಲಿಗೇ ತೇವ ಬಂದಿರ್ಬೇಕು."

ಕಾಫಿ ಪೂರ್ತಿ ಒಣಗಿರದಿದ್ದರೆ ತೂಕದಲ್ಲಿ ನೀರೂ ಸೇರಿರುತ್ತದೆ. ಅಷ್ಟನ್ನು ವ್ಯಾಪಾರಿ ಕಳೆಯುತ್ತಾನೆ. ಸಾಹೇಬರಿಗೆ ಹೆಚ್ಚು ಕಳೆಯಬೇಕು, ಅಜ್ಜನಿಗೆ ಕಡಿಮೆ ಕಳೆಯಬೇಕು. ಆಮೇಲೆ ಇಬ್ಬರೂ ಜಗಲಿಗೆ ಬಂದು ಎದುರುಬದುರು ಕೂರುವರು. ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಬಲಗೈಗಳ ಮೇಲೆ ಹೊದಿಸುವರು. ದನದ ವ್ಯಾಪಾರದಲ್ಲಿ ಹೀಗೆ ಮಾಡುವುದನ್ನು ನೀವು ನೋಡಿರಬಹುದು. ಸಾಹೇಬರ ತಂದೆ ದನದ ವ್ಯಾಪಾರಿ. ಆ ಪದ್ಧತಿಯನ್ನು ಮಗ ಕಾಫಿಗೆ ತಂದಿದ್ದರು. ಒಂದು ಬೆರಳು ಹಿಡಿದರೆ ಒಂದು, ಪೂರ್ತಿ ಕೈ ಹಿಡಿದರೆ ಐದು. ಬಾಯಲ್ಲಿ ಸಂಖ್ಯೆ ಹೇಳುವಂತಿಲ್ಲ. ಟವೆಲ್ಲಿನ ಮೇಲೆ ಇಬ್ಬರೂ ದೇಶದ ರಾಜಕೀಯ ಮಾತಾಡುವರು, ಟವೆಲ್ಲಿನ ಕೆಳಗೆ ಬೆರಳುಗಳು ಜಗಳವಾಡುವವು. ಅಜ್ಜ ನಡುನಡುವೆ ತಲೆ ಅಡ್ಡ ಆಡಿಸುವರು. ಕೊನೆಗೆ ಟವೆಲ್ ಸರಿದಾಗ ಅಜ್ಜಿ ಒಳಗಿನಿಂದ, "ಎಷ್ಟಕ್ಕೆ ಮುಗೀತು?" ಎಂದು ಕೇಳಿದರೆ ಅಜ್ಜನದು ಒಂದೇ ಉತ್ತರ: "ಆಯ್ತು."

ಆಮೇಲೆ ದರ ಮೊಬೈಲಿಗೆ ಬರತೊಡಗಿತು, ತೇವ ನೋಡುವ ಯಂತ್ರವೂ ಬಂತು. ಸಾಹೇಬರ ಮಕ್ಕಳು ಅಂಗಡಿ ನೋಡಿಕೊಳ್ಳತೊಡಗಿದರು. ಕಾಫಿ ಕೊಳ್ಳಲು ಜೀಪಿನಲ್ಲಿ ಹುಡುಗರು ಬಂದು, ತೂಗಿ, ಮೆಸೇಜು ಕಳಿಸಿ ಹೋಗುವ ಕಾಲ. ಸಾಹೇಬರು ನಮ್ಮ ಅಂಗಳಕ್ಕೆ ಬರಲು ಯಾವ ಕಾರಣವೂ ಉಳಿಯಲಿಲ್ಲ. ನೀವು ಕೇಳಬಹುದು, ಸ್ನೇಹಿತರಾದವರಿಗೆ ಕಾರಣ ಯಾಕೆ, ಸುಮ್ಮನೆ ಬಂದು ಹೋಗಬಾರದೇ ಎಂದು. ಆ ತಲೆಮಾರಿನವರನ್ನು ನೀವು ಹತ್ತಿರದಿಂದ ನೋಡಿಲ್ಲ ಎಂದಾಯಿತು. 'ಸುಮ್ಮನೆ ಬಂದೆ' ಎನ್ನುವುದಕ್ಕೆ ಅವರಿಬ್ಬರಿಗೂ ಪ್ರಾಣ ಹೋಗುವಷ್ಟು ನಾಚಿಕೆ.

ಹೀಗೆ ಕೆಲಸವಿಲ್ಲದೆ ಕೂತ ಸಾಹೇಬರಿಗೆ ಚಿಕ್ಕಮಗಳೂರಿನ ಡಾಕ್ಟರು, "ದಿನಾ ನಡೀಬೇಕು," ಎಂದು ಹೇಳಿದರು. ಸಾಹೇಬರು ನಡೆಯಲು ಹೊರಟರು. ಆದರೆ ಕೊಟ್ಟಿಗೆಹಾರದಲ್ಲಿ ಜೀಪು ಇದ್ದವರು ನಡೆಯುವುದು ಅಷ್ಟು ಸುಲಭವಲ್ಲ. ನೂರು ಮಾರು ಹೋಗುವಷ್ಟರಲ್ಲಿ ಯಾರಾದರೂ ಗಾಡಿ ನಿಲ್ಲಿಸುವರು.

"ಏನು ಸಾಹೇಬ್ರೇ, ಜೀಪು ಕೆಟ್ಟೋಯ್ತಾ? ಹತ್ತಿ ಹತ್ತಿ."

"ಇಲ್ಲ ಮಾರಾಯ, ನಡೀತಾ ಇದ್ದೇನೆ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ."

ಎಲ್ಲಿಗೂ ಅಲ್ಲದೆ ನಡೆಯುವ ಮನುಷ್ಯನ ಬಗ್ಗೆ ಊರಿಗೆ ಚಿಂತೆಯಾಯಿತು. ಅಂಗಡಿಯಲ್ಲಿ ಮಕ್ಕಳ ಜೊತೆ ಜಗಳವಂತೆ ಎಂದು ಒಬ್ಬರು ಹೇಳಿದರು, ಹರಕೆಯಂತೆ ಎಂದು ಇನ್ನೊಬ್ಬರು. ಸಾಹೇಬರು ದಾಕ್ಷಿಣ್ಯಕ್ಕೆ ಒಂದೊಂದು ಗಾಡಿ ಹತ್ತಿ ಇಳಿದು, ನಡೆಯಲು ಹೊರಟ ದಿನಗಳಲ್ಲಿ ಮೊದಲಿಗಿಂತ ಹೆಚ್ಚು ಗಾಡಿಯಲ್ಲೇ ಓಡಾಡಿದರು.

ಅದೇ ಸಮಯಕ್ಕೆ ಚಿಕ್ಕಮಗಳೂರಿನಲ್ಲಿ ಹಳೆಯ ಪ್ಲಾಂಟರೊಬ್ಬರು ಮನೆ ಖಾಲಿ ಮಾಡುತ್ತಿದ್ದರು. ಸಾಹೇಬರು ಅಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಒಂದು ಪಲ್ಪರ್ ಯಂತ್ರ ನೋಡಲು ಹೋಗಿ, ವ್ಯಾಪಾರಿಯ ಗುಣಕ್ಕೆ ಇಡೀ ಲಾಟನ್ನೇ ಎತ್ತಿಕೊಂಡು ಬಂದರು. ಆ ಲಾಟಿನಲ್ಲಿ ತಗಡಿನ ಡಬ್ಬಗಳು, ಒಂದು ಮುರುಕು ಆರಾಮ ಕುರ್ಚಿ, ಮತ್ತು ಚರ್ಮದ ಚೀಲದಲ್ಲಿ ಒಂದಿಷ್ಟು ಗಾಲ್ಫ್ ಕೋಲುಗಳಿದ್ದವು. ಮರುದಿನ ಬೆಳಿಗ್ಗೆ ನಾಯಿ ಬಂದರೆ ಇರಲಿ ಎಂದು ಒಂದು ಕೋಲು ಹಿಡಿದು ರಸ್ತೆಗೆ ಇಳಿದರಂತೆ. ಒಂದೇ ಒಂದು ಗಾಡಿ ನಿಲ್ಲಲಿಲ್ಲ. ಎಲ್ಲರೂ ಕೈ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋದರು. ಕೈಯಲ್ಲಿ ಗಾಲ್ಫ್ ಕೋಲು ಇದ್ದವನು ನಡೆಯುತ್ತಿದ್ದರೆ ಅದಕ್ಕೊಂದು ಘನ ಉದ್ದೇಶ ಇದ್ದೇ ಇರುತ್ತದೆ ಎಂದು ಊರು ನಂಬಿತು. ಅರವತ್ತು ದಾಟಿದ ವ್ಯಾಪಾರಿಯೊಬ್ಬರು ಗಾಲ್ಫಿಗೆ ಬಂದದ್ದು ಈ ಬಾಗಿಲಿನಿಂದ.

ಕೋಲು ಸಿಕ್ಕಿದ ಮೇಲೆ ಚೆಂಡು, ಚೆಂಡು ಸಿಕ್ಕಿದ ಮೇಲೆ ಮೈದಾನ. ನಮ್ಮ ಬೆಟ್ಟಗಳಲ್ಲಿ ಒಂದು ಚೆಂಡು ನೆಟ್ಟಗೆ ನಿಲ್ಲುವ ಜಾಗ ಎರಡೇ: ಕೊಯ್ಲಾದ ಗದ್ದೆ, ಇಲ್ಲವೇ ಕಾಫಿ ಕಣ. ಇವೆರಡೂ ಒಟ್ಟಿಗೆ ಇರುವುದು ಎಲ್ಲಿ ಎಂದು ಸಾಹೇಬರು ಯೋಚಿಸಿದರಂತೆ. ಯೋಚಿಸಬೇಕಾದ ಅಗತ್ಯವೇನೂ ಇರಲಿಲ್ಲ ಎಂದು ನನಗೀಗ ಅನಿಸುತ್ತದೆ. ಅಂತೂ ಒಂದು ದಿನ ಜೀಪು ನಮ್ಮ ಅಂಗಳದಲ್ಲಿ ನಿಂತಿತು. ನಾನಾಗ ಪಿಯುಸಿ ಓದುತ್ತಿದ್ದೆ.

"ಭಟ್ರೇ, ಒಂದು ಕೆಲಸದ ಮೇಲೆ ಬಂದೆ," ಎಂದರು ಸಾಹೇಬರು, 'ಕೆಲಸ' ಎಂಬುದನ್ನು ಒತ್ತಿ.

ಅಜ್ಜ ಕೋಲನ್ನೂ ಚೆಂಡನ್ನೂ ತಿರುವಿ ಮುರುವಿ ನೋಡಿದರು. "ಇದನ್ನ ಹೊಡ್ದು ದೂರ ಕಳಿಸೋದು. ಆಮೇಲೆ ಅಲ್ಲಿಗೆ ನಾವೇ ನಡ್ಕೊಂಡು ಹೋಗೋದು. ಹೌದಾ?"

"ಹೌದು."

"ಮತ್ತೆ ಹೊಡೆಯೋದು."

"ಹೌದು."

"ಹಾಗಾದ್ರೆ ಮೊದಲೇ ಕೈಯಲ್ಲಿ ಹಿಡ್ಕೊಂಡು ಹೋಗ್ಬಾರ್ದಾ?"

ಇಷ್ಟು ಕೇಳಿದವರು ಅದೇ ಸಂಜೆ ಗದ್ದೆಗೆ ಇಳಿದು, ಮೊದಲ ಹೊಡೆತಕ್ಕೆ ಒಂದು ಹಿಡಿ ಕೂಳೆಯನ್ನು ಬೇರು ಸಮೇತ ಕಿತ್ತು ಹಾಕಿದರು. ಚೆಂಡು ಇದ್ದಲ್ಲೇ ಇತ್ತು. ಸಾಹೇಬರು ಗಂಭೀರವಾಗಿ, "ಕಳೆ ಕೀಳೋದು ಬೇರೆ ಆಟ ಭಟ್ರೇ," ಎಂದರು. ಅಜ್ಜ ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆ ದಿನ ಡೈರಿಯಲ್ಲಿ ಬರೆಯುವಾಗ ಮಳೆಯ ಜಾಗದಲ್ಲಿ 'ಇಲ್ಲ' ಎಂದು ಹಾಕಿ, ಪಕ್ಕದಲ್ಲಿ 'ಅಜ್ಜ ನಕ್ಕರು' ಎಂದು ಬರೆದೆ.

ನಮ್ಮದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಐದು ಗದ್ದೆ, ಜೊತೆಗೊಂದು ಕಣ. ಆದ್ದರಿಂದ ಜಾವಳಿ ಗಾಲ್ಫಿಗೆ ಆರು ಕುಳಿ. ಸಾಹೇಬರ ಲಾಟಿನಲ್ಲಿ ಬಂದ ತಗಡಿನ ಡಬ್ಬಗಳನ್ನೇ ಹುಗಿದೆವು. ಐದು ಡಬ್ಬ ಗದ್ದೆಯಲ್ಲಿ, ಕೊನೆಯದು ಕಾಫಿ ಕಣದ ಮೂಲೆಯಲ್ಲಿ. ಸಗಣಿ ಸಾರಿಸಿದ ಕಣದಲ್ಲಿ ಚೆಂಡು ಉರುಳುವ ಚೆಂದವನ್ನು ನೀವು ನೋಡಬೇಕು. ತೊಂದರೆ ಎಂದರೆ ಗದ್ದೆ ಒಣಗಿರುವ ತಿಂಗಳುಗಳಲ್ಲೇ ಕಣದಲ್ಲಿ ಕಾಫಿಯೂ ಹರವಿರುತ್ತದೆ. ಎರಡನೆಯ ದಿನ ಸಾಹೇಬರ ಚೆಂಡು ಕಾಫಿಯ ನಡುವೆ ಬಿದ್ದು ಹೂತುಹೋಯಿತು. ಅವರು ಕೋಲೆತ್ತಿ ಹೊಡೆಯಲು ನಿಂತಿದ್ದೇ ತಡ, ಅಜ್ಜಿ ಒಳಗಿನಿಂದ ಬಂದು ಕಾಫಿ ಎಳೆಯುವ ಮರದ ಹಲಗೆಯನ್ನು ಅವರ ಕೈಗೆ ಕೊಟ್ಟರು.

"ಅದರಲ್ಲಿ ಹೊಡೆದ್ರೆ ಕಾಫಿ ಹಾರ್ತದೆ. ಇದ್ರಲ್ಲಿ ಎಳೀರಿ. ಚೆಂಡೂ ಸಿಕ್ತದೆ, ಕಾಫಿಗೂ ಒಂದು ಕೈ ಆಡಿಸಿದ ಹಾಗಾಯ್ತು."

ಅಂದಿನಿಂದ ಅದೇ ಕಾನೂನು. ಕಾಫಿಯ ಮೇಲೆ ಚೆಂಡು ಹಾಕಿದವನು ಆ ಸಾಲನ್ನು ತುದಿಯಿಂದ ತುದಿಗೆ ಎಳೆದು ಬರಬೇಕು. ಆ ವರ್ಷ ನಮ್ಮ ಕಾಫಿ ಒಣಗಿದ ಹಾಗೆ ಮತ್ತೆಂದೂ ಒಣಗಲಿಲ್ಲ.

ಉಳಿದ ಕಾನೂನುಗಳೂ ಹೀಗೆಯೇ ಒಂದೊಂದಾಗಿ ಬಂದವು. ಚೆಂಡು ಏಡಿಯ ಬಿಲಕ್ಕೆ ಹೋದರೆ ಕೈ ಹಾಕತಕ್ಕದ್ದಲ್ಲ. ಏಡಿಗೆ ಬಿಟ್ಟು ಇನ್ನೊಂದು ಇಡುವುದು. ದನದ ಪಕ್ಕ ಬಿದ್ದರೆ ದನ ಏಳುವವರೆಗೆ ಕಾಯುವುದು. ಮಲಗಿದ ದನವನ್ನು ಎಬ್ಬಿಸಿ ಓಡಿಸಿದರೆ ಒಂದು ಹೊಡೆತ ಜಾಸ್ತಿ. ಕಾಫಿ ದರದ ಮಾತೆತ್ತಿದರೂ ಒಂದು ಹೊಡೆತ ಜಾಸ್ತಿ. ಈ ಕೊನೆಯ ಕಾನೂನು ಮಾಡಿದವರು ಸಾಹೇಬರು, ಅದರಿಂದ ಹೆಚ್ಚು ಹೊಡೆತ ತಿಂದವರೂ ಸಾಹೇಬರೇ.

ಎಣಿಸುವವನು ಬೇಕಾಗಿತ್ತು. ಮನೆಯಲ್ಲಿ ನಾನಿದ್ದೆ. ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದವನು ಗೆದ್ದ. ಆದ್ದರಿಂದ ಪ್ರತಿ ಕುಳಿಗೂ ಇಬ್ಬರ ಹೊಡೆತ ಬರೆಯುವುದು ನನ್ನ ಪಾಲಿಗೆ. ಸಾಹೇಬರು ಬೇಗ ಕೈ ಕುದುರಿಸಿಕೊಂಡರು. ಅಜ್ಜ ಅವರಿಗಿಂತ ಏಳೆಂಟು ವರ್ಷ ದೊಡ್ಡವರು, ಕಳೆ ಕೀಳುವ ಆಟವನ್ನೂ ಪೂರ್ತಿ ಬಿಟ್ಟಿರಲಿಲ್ಲ. ಪ್ರತಿ ಆಟದಲ್ಲೂ ಅಜ್ಜನ ಮೊತ್ತವೇ ದೊಡ್ಡದು. ಹೀಗಾದರೆ ಆಟ ಎಷ್ಟು ದಿನ ನಡೆದೀತು?

ಅದಕ್ಕೆ ದಾರಿ ತೋರಿಸಿದವರು ಸಾಹೇಬರ ಹಳೆಯ ಗಿರಾಕಿಯಾದ ಒಬ್ಬ ಪ್ಲಾಂಟರು. ಅವರು ಕ್ಲಬ್ಬಿನಲ್ಲಿ ನಿಜವಾದ ಗಾಲ್ಫ್ ಆಡುವವರು. ಕುತೂಹಲಕ್ಕೆ ಒಂದು ಸಂಜೆ ಬಂದು ಗದ್ದೆಯ ಅಂಚಿನ ಮೇಲೆ ನಿಂತು ನೋಡಿದರು. ನಗು ತಡೆಯಲು ಪಟ್ಟ ಕಷ್ಟ ಅವರ ಮೀಸೆಯಲ್ಲಿ ಕಾಣುತ್ತಿತ್ತು. ಆಮೇಲೆ ಹೇಳಿದರು: "ನಮ್ಮಲ್ಲಿ ಹ್ಯಾಂಡಿಕ್ಯಾಪ್ ಅಂತ ಉಂಟು ಸಾಹೇಬ್ರೇ. ಸ್ವಲ್ಪ ಕಡಿಮೆ ಆಡುವವರಿಗೆ ಕೊನೆಯಲ್ಲಿ ಇಷ್ಟು ಹೊಡೆತ ಅಂತ ಕಳೀತಾರೆ. ಆಗ ಇಬ್ಬರಿಗೂ ಸಮ ಆಗ್ತದೆ."

ಸಾಹೇಬರ ಮುಖ ಬೆಳಗಿತು. "ಹಾಗೆ ಹೇಳಿ ಮಾರಾಯ್ರೆ! ತೇವ ಕಳೆಯೋದು!"

ನನಗೆ ತಿಳಿದ ಮಟ್ಟಿಗೆ ಹ್ಯಾಂಡಿಕ್ಯಾಪಿಗೆ ಅಷ್ಟು ಚೊಕ್ಕ ಅರ್ಥವನ್ನು ಯಾರೂ ಕೊಟ್ಟಿರಲಾರರು. ಮೊತ್ತದಲ್ಲಿ ಸೇರಿರುವ ನೀರನ್ನು ಕಳೆದರೆ ನಿಜವಾದ ಕಾಳಿನ ತೂಕ ಸಿಗುತ್ತದೆ, ಅಷ್ಟೇ ತಾನೆ?

ತೇವ ಎಂದ ಮೇಲೆ ಟವೆಲ್ ಬಾರದೆ ಇರುತ್ತದೆಯೆ? ಆಟದ ಕಾಲ ಶುರುವಾಗುವ ಮೊದಲ ದಿನ ಇಬ್ಬರೂ ಜಗಲಿಯಲ್ಲಿ ಎದುರುಬದುರು ಕೂತರು. ಅಜ್ಜ ಟವೆಲ್ ಹೊದಿಸಿದರು. ಅಜ್ಜನ ಮೊತ್ತದಿಂದ ಎಷ್ಟು ಹೊಡೆತ ಕಳೆಯಬೇಕು ಎಂಬುದು ಇಡೀ ಕಾಲಕ್ಕೆ ಆ ದಿನವೇ ತೀರ್ಮಾನ. ಮೇಲೆ ರಾಜಕೀಯ, ಕೆಳಗೆ ಬೆರಳು. ಅಜ್ಜ ತಲೆ ಅಡ್ಡ ಆಡಿಸಿದರು. ಸಾಹೇಬರು ಹಲ್ಲು ಕಚ್ಚಿದರು. ಒಂದು ಸುತ್ತು ಕಾಫಿ ಮುಗಿದು ಎರಡನೆಯದು ಬಂತು. ಟವೆಲ್ ಸರಿದ ಮೇಲೆ ಅಜ್ಜಿ ಕೇಳಿದರು, ಅಜ್ಜ "ಆಯ್ತು" ಎಂದರು.

ನಾನು ಪೆನ್ನು ಹಿಡಿದು ನಿಂತಿದ್ದೆ. "ಎಷ್ಟು ಅಂತ ಬರ್ಕೊಳ್ಳಲಿ?"

ಇಬ್ಬರೂ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಬಾಯಲ್ಲಿ ಹೇಳೋದಾದ್ರೆ ಟವೆಲ್ ಯಾಕೆ ಮಾಣಿ?" ಎಂದರು ಸಾಹೇಬರು.

ನನ್ನ ಸಂಕಟ ನಿಮಗೆ ಅರ್ಥವಾಗಬೇಕು. ಪ್ರತಿ ಹೊಡೆತವನ್ನೂ ಬರೆದವನು ನಾನು. ಆದರೆ ಗೆದ್ದವರು ಯಾರು ಎಂಬುದು ನನಗೆ ಗೊತ್ತಿಲ್ಲ! ಆಟ ಮುಗಿದ ಕೂಡಲೇ ನಾನು ಇಬ್ಬರ ಮೊತ್ತ ಓದುತ್ತಿದ್ದೆ. ಇಬ್ಬರೂ ಒಂದು ಕ್ಷಣ ಮನಸ್ಸಿನಲ್ಲೇ ಕಳೆದು, ಒಬ್ಬರ ಮುಖ ಒಬ್ಬರು ನೋಡಿ, ಏನೂ ಹೇಳದೆ ಕೈಕಾಲು ತೊಳೆಯಲು ಹೋಗುತ್ತಿದ್ದರು. "ಗೆದ್ದವನಿಗೆ ಗೊತ್ತು, ಸೋತವನಿಗೆ ಗೊತ್ತು. ಊರಿಗೆ ಎಂತಕ್ಕೆ?" ಎಂದು ಅಜ್ಜ. ಡೈರಿಯಲ್ಲಿ 'ತೇವ' ಎಂಬ ಒಂದು ಕಾಲಂ ಮಾಡಿ ಖಾಲಿ ಬಿಟ್ಟಿದ್ದೆ, ಮುಂದೊಂದು ದಿನ ತುಂಬಬಹುದು ಎಂದು. ಪ್ರತಿ ವರ್ಷ ಅದು ಖಾಲಿಯೇ ಉಳಿಯಿತು. ಇಬ್ಬರ ನಡೆಯುವ ರೀತಿ ನೋಡಿ ಊಹಿಸಲು ಪ್ರಯತ್ನಿಸಿದೆ. ಯಾರು ಮೊದಲು ಬಚ್ಚಲಿಗೆ ಹೋಗುತ್ತಾರೆ ಎಂದು ಗಮನಿಸಿದೆ. ಅಜ್ಜಿ ಒಮ್ಮೆ, "ಅವರ ಆಟಕ್ಕೆ ನೀನು ಬೆವರ್ತಾ ಇದ್ದೀಯಲ್ಲ," ಎಂದು ಮಜ್ಜಿಗೆ ಕೊಟ್ಟರು.

ಇಬ್ಬರೂ ಒಬ್ಬರ ಮೇಲೊಬ್ಬರು ದೂರುವುದಕ್ಕೆ ಮಾತ್ರ ಕೊರತೆ ಇರಲಿಲ್ಲ. "ಆ ಸಾಹೇಬ್ರ ಹತ್ರ ಕೂತು ಗೆದ್ದು ಎದ್ದವರಿಲ್ಲ. ಹಿಡಿದ ಹಠ ಬಿಡೋದಿಲ್ಲ," ಎಂದು ಅಜ್ಜ. "ನಿನ್ನ ಅಜ್ಜ ಒಂದು ಬೆರಳು ಜಾಗ ಬಿಟ್ರೆ ಕೇಳು," ಎಂದು ಸಾಹೇಬರು. ನಾವೆಲ್ಲ ಅರ್ಥ ಮಾಡಿಕೊಂಡದ್ದು ಸಹಜವಾಗಿಯೇ ಇತ್ತು. ಇಲ್ಲಿ ಕಳೆದಷ್ಟೂ ಅಜ್ಜನಿಗೇ ಲಾಭ. ಆದ್ದರಿಂದ ಅಜ್ಜ ಹೆಚ್ಚು ಕೇಳುತ್ತಿದ್ದಾರೆ, ವ್ಯಾಪಾರಿ ಕಡಿಮೆ ಕೊಡುತ್ತಿದ್ದಾರೆ.

ಆಟ ಹೀಗೆ ನಮ್ಮಲ್ಲೇ ಉಳಿದಿದ್ದರೆ ಅದು ಎರಡು ಮುದುಕರ ಹುಚ್ಚು ಎಂದಾಗುತ್ತಿತ್ತು. ಆದರೆ ಗದ್ದೆ ರಸ್ತೆಯ ಪಕ್ಕದಲ್ಲಿದೆ, ನೋಡುವವರಿಗೆ ಟಿಕೆಟ್ಟಿಲ್ಲ. ಕೊಟ್ಟಿಗೆಹಾರದ ಗ್ಯಾರೇಜಿನ ಹುಡುಗರು ಹಳೆಯ ಕಬ್ಬಿಣದ ಪೈಪಿನಿಂದ ಕೋಲು ಮಾಡಿಕೊಂಡರು. ಕಳಸದ ಕಡೆಯ ಮೇಷ್ಟರುಗಳು ಶಾಲೆ ಬಿಟ್ಟ ಮೇಲೆ ಕೊಯ್ಲಾದ ಗದ್ದೆಯಲ್ಲಿ ಆಡುತ್ತಾರೆಂದು ಸುದ್ದಿ ಬಂತು. ಎಲ್ಲರೂ ಕೋಲಿನ ಜೊತೆಗೆ ಕಾನೂನನ್ನೂ ಒಯ್ದಿದ್ದರು: ಏಡಿಯದು, ದನದ್ದು, ಕಾಫಿಯದು. ಕಾಫಿಯೇ ಇಲ್ಲದ ಕಡೆ ಚೆಂಡು ಎಲ್ಲಿ ಸಿಕ್ಕಿಕೊಂಡಿತೋ ಆ ಮನೆಯ ಯಾವುದಾದರೊಂದು ಕೆಲಸ. ಟವೆಲ್ಲನ್ನಂತೂ ಯಾರೂ ಬಿಡಲಿಲ್ಲ. ಮೂಡಿಗೆರೆಯಲ್ಲಿ ಒಮ್ಮೆ ನಾನು ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಇಬ್ಬರು ಮಾತಾಡುತ್ತಿದ್ದರು. "ಅವನಿಗೆ ತೇವ ಜಾಸ್ತಿ ಕೊಟ್ಟಿದ್ದಾರೆ ಮಾರಾಯ, ಇಲ್ಲದಿದ್ರೆ ಗೆಲ್ತಿದ್ನಾ?" ಎಂದು ಒಬ್ಬ ಹೇಳಿದ. ಕಾಫಿಯ ಮಾತೋ ಎಂದು ತಿರುಗಿ ನೋಡಿದರೆ ಇಬ್ಬರ ಕೈಯಲ್ಲೂ ಪೈಪಿನ ಕೋಲು. ಅಷ್ಟೇಕೆ, ಮೀಸೆಯಡಿ ನಕ್ಕಿದ್ದ ಆ ಪ್ಲಾಂಟರು ಕ್ಲಬ್ಬಿನಲ್ಲಿ ಗೆಳೆಯರ ಜೊತೆ ಕರವಸ್ತ್ರ ಹಾಸಿ ಕೂರುತ್ತಾರೆ ಎಂದು ಸಾಹೇಬರೇ ಹೇಳಿದರು. "ಕರವಸ್ತ್ರದಲ್ಲಿ ಎಂತ ಆಗ್ತದೆ ಭಟ್ರೇ, ಬೆರಳು ಹೊರಗೇ ಕಾಣ್ತದೆ," ಎಂದು ಕನಿಕರಿಸಿದರು.

ಹೋದ ಸಲದ ಕೊಯ್ಲಿಗೆ ಮುಂಚಿನ ಮಳೆಗಾಲದಲ್ಲಿ ಅಜ್ಜನ ಕಣ್ಣು ಮಸುಕಾಗುತ್ತಾ ಬಂತು. ಇದು ಆಪರೇಷನ್‌ನಿಂದ ಸರಿಹೋಗುವ ತೊಂದರೆಯಲ್ಲ, ಇರುವಷ್ಟನ್ನು ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಎದುರು ಬಂದವರ ಗುರುತು ಸಿಗುತ್ತದೆ, ಅಂಗಳದಾಚೆ ಬಿದ್ದ ಚೆಂಡು ಕಾಣುವುದಿಲ್ಲ. ಕೊಯ್ಲು ಮುಗಿಯಿತು, ಗದ್ದೆ ಒಣಗಿತು, ಸಾಹೇಬರ ಜೀಪು ಬರಲಿಲ್ಲ. ವಿಷಯ ಅವರಿಗೆ ತಿಳಿದಿತ್ತು. ಒಮ್ಮೆ ಫೋನು ಮಾಡಿ ಅಜ್ಜಿಯ ಹತ್ತಿರ ವಿಚಾರಿಸಿದ್ದರಂತೆ. ಇಡೀ ಕಾಲ ಹಾಗೆಯೇ ಕಳೆಯಿತು. ರಸ್ತೆಯಲ್ಲಿ ಜೀಪಿನ ಸದ್ದಾದರೆ ಅಜ್ಜ ಕತ್ತೆತ್ತುತ್ತಿದ್ದರು. ಸದ್ದು ಮುಂದೆ ಹೋದರೆ, "ಗೇರು ಸರಿಯಿಲ್ಲ ಅದರದ್ದು," ಎಂದು ಯಾರದೋ ಜೀಪನ್ನು ಬಯ್ಯುತ್ತಿದ್ದರು.

"ಒಂದು ಫೋನು ಮಾಡಿ, ಬರ್ಲಿಕ್ಕೆ ಹೇಳಿ," ಎಂದೆ.

"ಎಂತ ಹೇಳಿ ಕರೆಯೋದು? ಆಟ ಇಲ್ಲದ ಮೇಲೆ ಅವರು ಬಂದು ಎಂತ ಮಾಡ್ತಾರೆ?"

ಈ ವರ್ಷವೂ ಹಾಗೆಯೇ ಆದರೆ ಆಮೇಲೆ ಅವರು ಬರುವುದೇ ಇಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಎರಡು ವರ್ಷ ಸವೆಯದ ಕಾಲುದಾರಿ ನಮ್ಮಲ್ಲಿ ಕಾಡಾಗುತ್ತದೆ.

ಸುಶೀಲಕ್ಕ ಚೆಂಡು ತಂದುಕೊಟ್ಟ ಮಧ್ಯಾಹ್ನವೇ ಅದನ್ನು ತೊಳೆಯದೆ ಜೇಬಿಗೆ ಹಾಕಿಕೊಂಡು ಬೈಕಿನಲ್ಲಿ ಕೊಟ್ಟಿಗೆಹಾರಕ್ಕೆ ಹೋದೆ. ಸಾಹೇಬರು ಅಂಗಡಿಯ ಮುಂದೆ, ಆ ಲಾಟಿನ ಆರಾಮ ಕುರ್ಚಿಯನ್ನು ರಿಪೇರಿ ಮಾಡಿಸಿ, ಅದರಲ್ಲಿ ಕೂತಿದ್ದರು. ಸ್ವಲ್ಪ ಇಳಿದಿದ್ದಾರೆ ಅನಿಸಿತು. ಚೆಂಡನ್ನು ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು.

"ನನ್ನದೇ. ಏಡಿ ವಾಪಸ್ ಕೊಟ್ಟಿತಾ?"

"ಕೊಯ್ಲಿನಲ್ಲಿ ಸುಶೀಲಕ್ಕನಿಗೆ ಸಿಕ್ಕಿತು. ನೀವು ಯಾಕೆ ಬರ್ತಾ ಇಲ್ಲ?"

"ಭಟ್ರು ಆಡೋದಿಲ್ಲ. ನಾನು ಬಂದು ಎಂತ ಮಾಡ್ಲಿ ಮಾರಾಯ? ಅವರ ಎದುರು ಕೋಲು ಹಿಡ್ಕೊಂಡು ತಿರುಗೋದು ಚೆಂದ ಕಾಣ್ತದಾ?"

ಇಬ್ಬರದೂ ಒಂದೇ ವಾಕ್ಯ, ಹತ್ತು ಮೈಲಿ ಕೂಡ ಇಲ್ಲದ ದೂರದ ಎರಡು ತುದಿಯಲ್ಲಿ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಒಪ್ಪಿಸಿದೆ. "ಈ ವರ್ಷ ಅಜ್ಜನ ಬದಲಿಗೆ ನಾನು ಆಡ್ತೇನೆ. ನನಗೆ ಆಟ ಬರೋದಿಲ್ಲ, ಆದ್ದರಿಂದ ತೇವ ಮಾತಾಡ್ಬೇಕಾಗ್ತದೆ. ಕೆಲಸದ ಮೇಲೆ ಬಂದಿದ್ದೇನೆ."

'ಕೆಲಸ' ಎಂಬ ಮಾತು ಕೇಳಿ ಅವರು ಕುರ್ಚಿಯಿಂದ ಎದ್ದರು. ಆಮೇಲೆ ಒಳಗೆ ತಿರುಗಿ, ಜೀಪಿನ ಕೀಲಿ ತರಲು ಮಗನಿಗೆ ಕೂಗಿ ಹೇಳಿದರು.

ಜೀಪು ಅಂಗಳಕ್ಕೆ ಬಂದು ನಿಂತಾಗ ಅಜ್ಜ, "ಗೇರು ಇನ್ನೂ ಹಾಗೇ ಉಂಟಲ್ಲ," ಎಂದರು. ಅಷ್ಟೇ ಸ್ವಾಗತ. ಸಾಹೇಬರು, "ನಿಮ್ಮ ಮೊಮ್ಮಗ ವ್ಯಾಪಾರಕ್ಕೆ ಕರೆದಿದ್ದಾನೆ ಭಟ್ರೇ, ನನ್ನದೇನೂ ಇಲ್ಲ," ಎಂದು ಚಪ್ಪಲಿ ಬಿಟ್ಟರು. ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಡೆ ಚಾಚಿದರು.

ನಾನು ಸಾಹೇಬರ ಎದುರು ಕೂತೆ. ಟವೆಲ್ ಹೊದಿಸಿಕೊಂಡೆವು. ಇಷ್ಟು ವರ್ಷ ಹೊರಗಿನಿಂದ ನೋಡಿದ್ದ ಜಾಗಕ್ಕೆ ಈಗ ನನ್ನ ಕೈ ಹೋಗಿತ್ತು. ಸಾಹೇಬರು ಮೊಮ್ಮಗಳ ಶಾಲೆಯ ವಿಚಾರ ಮಾತಾಡುತ್ತಾ ನನ್ನ ಪೂರ್ತಿ ಕೈ ಹಿಡಿದರು. ಐದು. ಒಳ್ಳೆಯ ಆರಂಭ ಎಂದುಕೊಂಡೆ. ಆದರೆ ಒಪ್ಪಿಕೊಳ್ಳಬಾರದು, ಇನ್ನೂ ಏರಿಸಬೇಕು. ಅಜ್ಜನ ಹಾಗೆ ತಲೆ ಅಡ್ಡ ಆಡಿಸಿದೆ. ಕೂಡಲೇ ಇನ್ನೊಮ್ಮೆ ಪೂರ್ತಿ ಕೈ. ಹತ್ತು. ನನಗೆ ಗಾಬರಿಯಾಯಿತು. ವ್ಯಾಪಾರಿ ಹೀಗೆ ಒಂದೇ ನೆಗೆತಕ್ಕೆ ಏರುವುದುಂಟೆ? ಏನೋ ತಪ್ಪಾಗಿದೆ ಎಂದು ಮತ್ತೆ ತಲೆ ಆಡಿಸಿದೆ. ಮತ್ತೊಮ್ಮೆ ಪೂರ್ತಿ ಕೈ, ಮೇಲೆ ಎರಡು ಬೆರಳು. ಅಷ್ಟು ಕಳೆದರೆ ಕೋಲು ಹಿಡಿಯಲು ಬಾರದವನೂ ಗೆಲ್ಲುತ್ತಾನೆ.

ನನ್ನ ಮುಖ ಹೇಗಿತ್ತೋ, ಅಥವಾ ನನ್ನ ಉಸಿರಿನ ಸದ್ದಿನಿಂದಲೇ ತಿಳಿಯಿತೋ, ಕುರ್ಚಿಯಲ್ಲಿದ್ದ ಅಜ್ಜ ನಗತೊಡಗಿದರು.

"ಜಾಸ್ತಿ ಜಾಸ್ತಿ ಕೊಡ್ತಾ ಇದ್ದಾರಾ ಮಾಣಿ? ಒಪ್ಬೇಡ. ಎಳೆದು ಕೆಳಗೆ ಇಳಿಸು."

"ಇಳಿಸೋದಾ?"

"ಮತ್ತೆಂತ? ಪ್ರತಿ ವರ್ಷ ನನ್ನ ಹತ್ರಾನೂ ಇದೇ ಆಟ. ಅವರು ಏರಿಸೋದು, ನಾನು ಇಳಿಸೋದು. ಎರಡು ಲೋಟ ಕಾಫಿ ಬೇಕಾಗ್ತಿತ್ತು ಒಂದು ದಾರಿಗೆ ಬರ್ಲಿಕ್ಕೆ."

ನಾನು ಸಾಹೇಬರ ಮುಖ ನೋಡಿದೆ. ಕದ್ದು ಸಿಕ್ಕಿಬಿದ್ದವರಂತೆ ಅವರು ಅಂಗಳ ನೋಡುತ್ತಿದ್ದರು. "ಮೂವತ್ತು ವರ್ಷ ಈ ಜಗಲಿಯಲ್ಲಿ ಕೂತು ಇವರ ಕಾಫಿಗೆ ತೇವ ಕಳೆದವನು ಮಾರಾಯ. ಗದ್ದೆಯಲ್ಲಾದ್ರೂ ಅವರಿಗೆ ಲಾಭ ಆಗೋ ಹಾಗೆ ಕಳೆಯೋಣ ಅಂದ್ರೆ, ನಿನ್ನ ಅಜ್ಜ ಒಂದು ಬೆರಳು ಬಿಟ್ರೆ ಕೇಳು."

"ನನ್ನ ಕಾಫಿ ಒಣಗಿತ್ತು ಅಂತ ಆಗ್ಲೂ ಹೇಳಿದ್ದೆ," ಎಂದರು ಅಜ್ಜ, ಕುರ್ಚಿಯಲ್ಲಿ ನೆಟ್ಟಗೆ ಕೂತು. "ನಾನೂ ಅಷ್ಟು ಹಸಿ ಅಲ್ಲ ಅಂತ ಆಮೇಲೂ ಹೇಳಿದ್ದೆ."

ಅಜ್ಜ ತಲೆ ಅಡ್ಡ ಆಡಿಸಿದ್ದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಸಾಲದು ಎಂದು ಆಡಿಸುತ್ತಿದ್ದಾರೆ ಎಂದುಕೊಂಡಿದ್ದೆ. ಬೇಡ ಎಂದು ಆಡಿಸುತ್ತಿದ್ದರು. ಎಲ್ಲ ಹೊಡೆತ ಬರೆದಿಟ್ಟವನಿಗೆ ಇದೊಂದು ಕಾಣದೆ ಹೋಗಿತ್ತು.

ಎರಡನೆಯ ಲೋಟ ಕಾಫಿ ಬರುವಷ್ಟರಲ್ಲಿ ನಾನು ಎಳೆದೂ ಎಳೆದೂ ಒಂದು ಮಟ್ಟಕ್ಕೆ ಇಳಿಸಿದೆ. ಟವೆಲ್ ಸರಿಯಿತು. ಒಳಗಿನಿಂದ ಅಜ್ಜಿ, "ಎಷ್ಟಕ್ಕೆ ಮುಗೀತು?" ಎಂದರು.

"ಆಯ್ತು," ಎಂದೆ.

ಗದ್ದೆ ಇನ್ನೂ ಪೂರ್ತಿ ಒಣಗಿರಲಿಲ್ಲ, ಮೇಲಿನೆರಡು ಗದ್ದೆಯ ಕೊಯ್ಲು ಮಾತ್ರ ಮುಗಿದಿತ್ತು. ಆದರೂ ಇಳಿದೆವು. ಅಜ್ಜನ ಕುರ್ಚಿಯನ್ನು ಅಂಚಿನ ಮೇಲೆ ಹಾಕಿದೆವು. ಸಾಹೇಬರು ಕೆಸರಂಟಿದ ಆ ಚೆಂಡನ್ನೇ ಇಟ್ಟು ಹೊಡೆದರು. ಅದು ಎತ್ತ ಹೋಯಿತೆಂದು ನಾನು ಹಣೆಗೆ ಕೈ ಹಿಡಿದು ನೋಡುತ್ತಿರುವಾಗಲೇ ಅಜ್ಜ ಕಿವಿಗೊಟ್ಟು, "ಎಡಗಡೆ ಅಂಚು. ಒದ್ದೆ ಮಣ್ಣಿಗೆ ಬಿತ್ತು," ಎಂದರು. ಹೋಗಿ ನೋಡಿದರೆ ಎಡಗಡೆ ಅಂಚಿನ ಬುಡದಲ್ಲಿ ಚೆಂಡಿನ ಗುಳಿ ಇತ್ತು, ಚೆಂಡು ಇರಲಿಲ್ಲ. ಪಕ್ಕದಲ್ಲೇ ಏಡಿಯ ಬಿಲ. ನಾನು ಬಗ್ಗಿ ಸುತ್ತಮುತ್ತ ಹುಡುಕತೊಡಗಿದೆ.

"ಬಿಡು ಮಾಣಿ," ಎಂದರು ಸಾಹೇಬರು, ಅಜ್ಜನ ಕುರ್ಚಿಯ ಪಕ್ಕ ಅಂಚಿನ ಮೇಲೆ ಕೂರುತ್ತಾ. "ಅಲ್ಲೇ ಇರ್ಲಿ. ಬರೋ ಕೊಯ್ಲಿಗೆ ಸುಶೀಲಕ್ಕನಿಗೆ ತಂದುಕೊಡ್ಲಿಕ್ಕೆ ಒಂದು ಬೇಡ್ವಾ?"